ಒಂದು ಗೇಣು ಕಡಿಮೆ

ನನ್ನ ಮೈದುನನನ್ನು ಕೆಲಸದವರೆಲ್ಲ ರಸಮಟ್ಟ ಎಂದು ಕರೆಯುತ್ತಿದ್ದರು. ರಸಮಟ್ಟವೆಂದರೆ ಗಾರೆಯವರು ಗೋಡೆಯ ಮೇಲಿಟ್ಟು ಸಮ ನೋಡುವ ಪಟ್ಟಿ, ಗಾಜಿನೊಳಗೆ ಒಂದು ಗುಳ್ಳೆ ಓಡಾಡುತ್ತಿರುತ್ತದಲ್ಲ, ಅದು. ಇವನ ಕಣ್ಣೊಳಗೇ ಅಂಥದೊಂದು ಗುಳ್ಳೆ ಇದೆ ಎಂದು ಎಲ್ಲರ ನಂಬಿಕೆ. ಕ್ಷೌರದ ಅಂಗಡಿಯಲ್ಲಿ ಅರ್ಧ ಮುಖಕ್ಕೆ ನೊರೆ ಬಳಿಸಿಕೊಂಡವನು ಎದ್ದುಹೋಗಿ, ಎದುರಿನ ಕನ್ನಡಿಯನ್ನು ಒಂದು ನೂಲು ಎಡಕ್ಕೆ ಸರಿಸಿ, ಮತ್ತೆ ಬಂದು ಕೂತದ್ದುಂಟು. ಎದೆನೋವೆಂದು ವೈದ್ಯರ ಹತ್ತಿರ ಕರೆದುಕೊಂಡು ಹೋದರೆ, ಎಲ್ಲಿ ನೋವು ಎಂದು ಅವರು ಕೇಳುವ ಮೊದಲೇ, "ಡಾಕ್ಟ್ರೇ, ನಿಮ್ಮ ಸರ್ಟಿಫಿಕೇಟು ಬಲಗಡೆಗೆ ಇಳಿದಿದೆ" ಎಂದ.

ಅವನ ಹೆಂಡತಿ, ಎಂದರೆ ನನ್ನ ಓರಗಿತ್ತಿ, ಬಾಯಿ ಹರಿತದವಳು. "ಮೊದಲ ಸಲ ನಮ್ಮ ಮನೆಗೆ ಬಂದಾಗ ಇವರು ನನ್ನ ಮುಖ ನೋಡ್ಲೇ ಇಲ್ಲ ಅಕ್ಕ. ನನ್ನ ಹಿಂದಿದ್ದ ಬಾಗಿಲ ಚೌಕಟ್ಟು ನೋಡಿ ಒಪ್ಪಿಕೊಂಡ್ರು" ಎಂದು ಬಂದವರ ಮುಂದೆಲ್ಲ ಹೇಳುವಳು. ಅವನು ನಗುತ್ತಲೇ, "ಚೌಕಟ್ಟು ಸರಿಯಾಗಿತ್ತು" ಎನ್ನುವನು.

ಅವನದು ಬಿಳಿ ಗಾರೆಯ ಕೆಲಸ. ಇಟ್ಟಿಗೆಯವರು ಕಟ್ಟಿ ಹೋದ ಮೇಲೆ ಅವನ ಸರದಿ. ಸೂರಿನ ಅಂಚಿಗೆ ಓಡುವ ಪಟ್ಟಿ, ಬಾಗಿಲ ನೆತ್ತಿಯ ಬಳ್ಳಿ, ಕಂಬ, ಕಂಬದ ತಲೆಯ ಎಲೆಗಳು, ಇವೆಲ್ಲ ಅವನ ಕೈಯಿಂದ ಬರಬೇಕು. ಕಲಿಸಿದವರು ನನ್ನ ಗಂಡ. ಅಣ್ಣ ತಮ್ಮ ಇಬ್ಬರೂ ಹಲಗೆ ಹತ್ತಿ ನಿಂತರೆ ನಾನು ಕೆಳಗೆ ಗಾರೆ ಜರಡಿ ಹಿಡಿಯುವುದು, ನಾರು ನೆನೆಸುವುದು, ಅಚ್ಚುಗಳಿಗೆ ಸೋಪಿನ ನೀರು ಬಳಿಯುವುದು. ಸೋಪು ಸರಿಯಾಗಿ ಬಳಿಯದಿದ್ದರೆ ಎಲೆ ಅಚ್ಚಿನಲ್ಲೇ ಅಂಟಿಕೊಂಡು ಅರ್ಧ ಹರಿದು ಬರುತ್ತದೆ.

ಕಂಬಗಳ ಬಗ್ಗೆ ಒಂದು ಮಾತು ಹೇಳಬೇಕು. ದೊಡ್ಡ ಕಟ್ಟಡಗಳ ಹಜಾರದಲ್ಲಿ ನೀವು ಕಂಡು ಬೆರಗಾಗುವ ಬಿಳಿ ಕಂಬಗಳಲ್ಲಿ ಬಹಳಷ್ಟು ಏನನ್ನೂ ಹೊತ್ತಿರುವುದಿಲ್ಲ. ಭಾರವೆಲ್ಲ ಸೂರಿನೊಳಗಿನ ಕಬ್ಬಿಣದ ತೊಲೆಗಳದು. ಕಂಬದೊಳಗೆ ನಾಲ್ಕು ಸಣ್ಣ ಸರಳು, ಒಂದು ಸುತ್ತು ತಂತಿಯ ಜಾಲರಿ, ಮಿಕ್ಕಿದ್ದು ಗಾಳಿ. ಜಾಲರಿಯ ಮೇಲೆ ಎರಡು ಬೆರಳು ದಪ್ಪ ಗಾರೆ. ಆದರೂ ಅದು ಹೊತ್ತ ಹಾಗೆ ಕಾಣಬೇಕು. ಅದಕ್ಕೆ ಗಾರೆಯವರು ಕಂಬಕ್ಕೆ ಹೊಟ್ಟೆ ಕೊಡುತ್ತಾರೆ. ನಡುವಿನಲ್ಲಿ ಕಣ್ಣಿಗೆ ಗೊತ್ತಾಗದಷ್ಟು ಉಬ್ಬಿಸುವುದು. ತಲೆಯ ಮೇಲೆ ಮೂಟೆ ಹೊತ್ತವನ ಮೈ ಸ್ವಲ್ಪ ಬಿಗಿಯುತ್ತದಲ್ಲ, ಹಾಗೆ. ಈ ಹೊಟ್ಟೆ ಕೊಡುವುದರಲ್ಲಿ ರಸಮಟ್ಟನನ್ನು ಮೀರಿಸುವವರಿರಲಿಲ್ಲ. ಅವನ ಕಂಬದ ಪಕ್ಕದಲ್ಲಿ ನಿಂತರೆ ನಮ್ಮ ಹೆಗಲೇ ಭಾರವಾದ ಹಾಗನ್ನಿಸುತ್ತಿತ್ತು.

ಆ ಕಸುಬಿನಲ್ಲಿ ಒಂದು ಮರ್ಯಾದೆಯೂ ಇತ್ತು. ನಕ್ಷೆಯಲ್ಲಿ ತಪ್ಪು ಕಂಡರೆ ಬರೆದವರಿಗೆ ಹೇಳುವಂತಿಲ್ಲ. ಸುಮ್ಮನೆ ತಿದ್ದಿ ಕಟ್ಟಿಬಿಡಬೇಕು. ತಮ್ಮನಿಗೆ ಕರಣೆ ಹಿಡಿಯುವುದನ್ನು ಕಲಿಸಿದ ವಾರವೇ ನನ್ನ ಗಂಡ ಇದನ್ನೂ ಕಲಿಸಿದರು. "ಅವರು ಓದಿದೋರು. ನಾಲ್ಕು ಜನರ ಮುಂದೆ ತಪ್ಪು ಅಂದ್ರೆ ಮುಖ ಸಣ್ಣದಾಗುತ್ತೆ, ಆಮೇಲೆ ನಿನ್ನನ್ನ ಕರೆಯಲ್ಲ. ತಿದ್ದು, ಬಾಯಿ ಮುಚ್ಕೊಂಡಿರು."

ಹಾಗೆಯೇ ನಡೆದುಕೊಂಡ. ಒಂದು ಬ್ಯಾಂಕಿನ ನಕ್ಷೆಯಲ್ಲಿ ಸೂರಿನ ಪಟ್ಟಿ ಎರಡು ಕಡೆಯಿಂದ ಓಡಿಬಂದು ಮೂಲೆಯಲ್ಲಿ ಮೂರು ಬೆರಳು ತಪ್ಪಿ ಸೇರುತ್ತಿತ್ತು. ಇವನು ಆ ಮೂರು ಬೆರಳನ್ನು ಗೋಡೆಯ ಉದ್ದಕ್ಕೂ ಕೂದಲೆಳೆಯಷ್ಟು ಕೂದಲೆಳೆಯಷ್ಟು ನುಂಗುತ್ತ ಹೋಗಿ ಮೂಲೆಯಲ್ಲಿ ಸರಿಯಾಗಿ ಕೂಡಿಸಿದ. ಎಂಜಿನಿಯರು ಬಂದು ಮೂಲೆಯನ್ನು ಸವರಿ, "ನೋಡಿದ್ಯಾ? ನಕ್ಷೆ ಸರಿಯಾಗಿದ್ರೆ ಕೆಲಸ ತಾನಾಗೇ ಸರಿಯಾಗುತ್ತೆ" ಎಂದರು. "ಹೌದು ಸ್ವಾಮಿ" ಎಂದ ರಸಮಟ್ಟ. ಸಂಜೆ ಮನೆಗೆ ಬಂದವನೇ ಅಣ್ಣನ ಮುಂದೆ ಅದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗು ಮನೆಯೊಳಗಿನದು, ಹೊರಗೆ ಹೋಗುವುದಲ್ಲ.

ಆಮೇಲೆ ಕಾಲ ತಿರುಗಿತು. ಕಟ್ಟಡಗಳೆಲ್ಲ ಬೋಳಾದವು. ಬೆಂಕಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರೆ ಕಚೇರಿ, ಮಲಗಿಸಿದರೆ ಶಾಲೆ. ಎಲೆ ಬೇಡ, ಬಳ್ಳಿ ಬೇಡ, ಕಂಬವಂತೂ ಬೇಡವೇ ಬೇಡ. ಹೂವು ಬಿಡಿಸುವ ಕೈಗೆ ಸ್ನಾನದ ಮನೆಯ ಗೋಡೆ ಸವರುವ ಕೆಲಸ ಸಿಕ್ಕಿತು. ಹನ್ನೆರಡು ವರ್ಷ ಅದನ್ನೇ ಮಾಡಿದ. ಆ ವರ್ಷಗಳಲ್ಲೇ ನನ್ನ ಗಂಡ ತೀರಿಕೊಂಡರು. ಅಚ್ಚುಗಳನ್ನು ಗೋಣಿಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆವು. ಓರಗಿತ್ತಿ ಕಸ ಗುಡಿಸುವಾಗಲೆಲ್ಲ ಪೊರಕೆ ತಾಗಿ, "ಇವು ಮೊಟ್ಟೆ ಇಡ್ತಾವಾ, ಇಲ್ಲಾ ಎತ್ತಿ ಹಾಕೋಣ್ವಾ?" ಎಂದು ಕೇಳುವಳು. ರಸಮಟ್ಟ ಎದ್ದು ಬಂದು ಗೋಣಿಯನ್ನು ಇನ್ನಷ್ಟು ಒಳಕ್ಕೆ ತಳ್ಳುವನು.

ಅವನಿಗೆ ಐವತ್ತೊಂಬತ್ತು ತುಂಬಿದ ವರ್ಷ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡ ಒಬ್ಬ ಉಸ್ತುವಾರಿಯವನು ನಮ್ಮ ಮೆಟ್ಟಿಲು ಹತ್ತಿ ಬಂದ. ಹಳೆಯ ಉಗ್ರಾಣವೊಂದನ್ನು ಗ್ರಂಥಾಲಯ ಮಾಡುತ್ತಿದ್ದಾರೆ, ಮುಂದಿನ ಹಜಾರಕ್ಕೆ ಆರು ಕಂಬ ಬೇಕು ಎಂದ.

"ಕಂಬದ ತಲೆಗೆ ಎಲೆ ಕಟ್ಟೋದು ನಿಮಗೆ ಬರುತ್ತಂತೆ. ಈಗಿನವರಿಗೆ ಯಾರಿಗೂ ಬರಲ್ಲ."

ರಸಮಟ್ಟ ಉತ್ತರ ಹೇಳುವ ಮೊದಲೇ ಮಂಚದ ಕೆಳಗೆ ತೂರಿದ್ದ. ಗೋಣಿಯ ಸಮೇತ ಹೊರಗೆ ಬಂದಾಗ ತಲೆಗೆಲ್ಲ ಜೇಡರ ಬಲೆ. "ಅತ್ತಿಗೆ, ಎಲೆ ತುದಿ ಒಂದೂ ಮುರಿದಿಲ್ಲ ನೋಡಿ" ಎಂದ. ಅವನು ಅಷ್ಟು ಎಳೆಯವನ ಹಾಗೆ ಕಂಡದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ನಾನೂ ಜರಡಿ ತೆಗೆದುಕೊಂಡು ಹೊರಟೆ.

ನಕ್ಷೆ ಬರೆದವರು ಒಬ್ಬ ಹೆಂಗಸು. ನಲವತ್ತೈದರ ಆಸುಪಾಸು, ಕತ್ತರಿಸಿದ ಕೂದಲು, ಸುಣ್ಣ ಮೆತ್ತಿದ ಬೂಟು. ಎಲ್ಲರೂ ಅವರನ್ನು ನಕ್ಷೆ ಮೇಡಂ ಎನ್ನುತ್ತಿದ್ದರು. ಮೊದಲ ದಿನ ಬಂದು, ಹಾಳೆಗಳನ್ನು ಕೊಟ್ಟು, ಎರಡು ವಾರ ಬೇರೆ ಊರಿಗೆ ಹೋಗುತ್ತೇನೆಂದು ಹೇಳಿ ಹೋದರು.

ಹಾಳೆ ಬಿಚ್ಚಿ ನೋಡಿದರೆ ಐದು ಕಂಬ ಸರಿಯಾಗಿವೆ. ಆರನೆಯದು ಸೂರಿಗೆ ಒಂದೂವರೆ ಗೇಣು ಕೆಳಗೇ ನಿಂತುಬಿಟ್ಟಿದೆ. ತಲೆಯೂ ಇಲ್ಲ, ಎಲೆಯೂ ಇಲ್ಲ. ಕೋಲನ್ನು ಕೊಯ್ದಿಟ್ಟ ಹಾಗೆ ಬೋಳು. ರಸಮಟ್ಟ ಹಾಳೆಯನ್ನು ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಪಾಪ, ಕೊನೇ ಕಂಬ ಬರೆಯೋ ಹೊತ್ತಿಗೆ ಆಯಮ್ಮನಿಗೆ ತೂಕಡಿಕೆ ಬಂದಿರಬೇಕು" ಎಂದ. ಅಷ್ಟೇ. ಹಾಳೆ ಮಡಿಸಿ ಇಟ್ಟ.

ಉಸ್ತುವಾರಿಯವನಿಗೆ ನೆಲದ ಕಲ್ಲಿನ ರಗಳೆಯೇ ಸಾಕಾಗಿತ್ತು, ತಲೆ ಎತ್ತಿ ನೋಡಲಿಲ್ಲ. ಎರಡು ವಾರದಲ್ಲಿ ಆರು ಕಂಬಗಳೂ ನಿಂತವು. ಆರೂ ಸೂರು ಮುಟ್ಟಿದವು. ಆರಕ್ಕೂ ಒಂದೇ ಹೊಟ್ಟೆ, ತಲೆಯಲ್ಲಿ ಒಂದೇ ಎಲೆ. ಆರನೆಯದಕ್ಕೆ ಅವನು ಉಳಿದವಕ್ಕಿಂತ ಹೆಚ್ಚು ಮುತುವರ್ಜಿ ವಹಿಸಿದ್ದ. ಇನ್ನೊಬ್ಬರ ತಪ್ಪು ಮುಚ್ಚಬೇಕಾದ ಜಾಗವಲ್ಲವೇ?

ಮೇಡಂ ಬಂದ ದಿನ ಬೆಳಗಿನ ಹತ್ತು ಗಂಟೆ. ಹಜಾರದಲ್ಲಿ ನೆಲದವರು, ವಿದ್ಯುತ್ತಿನವರು ಎಲ್ಲ ಇದ್ದರು. ಅವರು ಬಾಗಿಲಲ್ಲೇ ನಿಂತು ಕಂಬಗಳನ್ನು ಒಂದೊಂದಾಗಿ ನೋಡುತ್ತ ಬಂದರು. ಮುಖ ಅರಳುತ್ತಿತ್ತು. ಕೊನೆಯದರ ಮುಂದೆ ನಿಂತರು.

"ಇದು ಮೇಲೆ ಮುಟ್ಟಿದೆ."

"ಹೌದು ಮೇಡಂ, ಚೆನ್ನಾಗಿ ಮುಟ್ಟಿದೆ" ಎಂದ ಉಸ್ತುವಾರಿಯವನು, ತಾನೇ ಮುಟ್ಟಿಸಿದವನ ಹಾಗೆ.

"ಮುಟ್ಟಬಾರದಿತ್ತು."

ಹಾಳೆ ಬಿಚ್ಚಿದರು. ಉಸ್ತುವಾರಿಯವನ ಕಿವಿಯ ಪೆನ್ಸಿಲು ಕೈಗೆ ಬಂತು. "ಏನಪ್ಪಾ ಇದು? ನಕ್ಷೆ ಓದೋಕೆ ಬರಲ್ವಾ ನಿನಗೆ?" ಎಂದು ರಸಮಟ್ಟನ ಮೇಲೆ ಹರಿಹಾಯ್ದ.

ರಸಮಟ್ಟ ಹಲಗೆಯಿಂದ ಇಳಿದು ಮೇಡಂ ಹತ್ತಿರ ಹೋಗಿ, ಅವರಿಗಷ್ಟೇ ಕೇಳುವ ಹಾಗೆ, "ಹಾಳೆಯಲ್ಲಿ ಸ್ವಲ್ಪ ಕಡಿಮೆ ಬಿದ್ದಿತ್ತು ಮೇಡಂ. ಸರಿಮಾಡಿದೀನಿ. ಯಾರಿಗೂ ಹೇಳಿಲ್ಲ" ಎಂದ.

ಆ ಕೊನೆಯ ಮಾತನ್ನು ಅವನು ಧೈರ್ಯ ಹೇಳುವವನ ಹಾಗೆ ಹೇಳಿದ. ಮೇಡಂ ಮುಖದಲ್ಲಿ ಏನೋ ಒಂದು ಬಂದು ಹೋಯಿತು.

"ಅದು ತಪ್ಪಲ್ಲ. ಬೇಕಂತಲೇ ಬಿಟ್ಟಿದ್ದು."

"ಬೇಕಂತಲಾ?"

"ಹೂಂ. ಒಂಥರಾ ತಮಾಷೆ ಅಂದ್ಕೊಳ್ಳಿ. ವ್ಯಂಗ್ಯ."

ನೆಲದವರಲ್ಲೊಬ್ಬ ಮಂಡಿಯೂರಿದ್ದವನು ಅಲ್ಲಿಂದಲೇ ಕೂಗಿದ: "ರಸಮಟ್ಟಣ್ಣ, ಮೇಡಂ ಜೋಕನ್ನೇ ಗಾರೆ ಹಾಕಿ ಮುಚ್ಚಿಬಿಟ್ಯಲ್ಲೋ!"

ಹಜಾರವೆಲ್ಲ ನಕ್ಕಿತು. ಖಾಲಿ ಜಾಗದಲ್ಲಿ ನಗು ಎರಡು ಸಲ ಕೇಳಿಸುತ್ತದೆ. ರಸಮಟ್ಟ ನಗಲಿಲ್ಲ. ಕೈಯಲ್ಲಿದ್ದ ಕರಣೆಯನ್ನು ಪಂಚೆಯ ಅಂಚಿಗೆ ಒರೆಸುತ್ತ ಕೇಳಿದ:

"ತಮಾಷೆ ಯಾರ ಮೇಲೆ ಮೇಡಂ?"

ಅವರು ಹಾಳೆಯ ಕಡೆ ನೋಡಿದರು. ಅಷ್ಟರಲ್ಲಿ ಉಸ್ತುವಾರಿಯವನು ನಡುವೆ ಬಂದ. "ಅದೆಲ್ಲ ನಿನಗ್ಯಾಕೆ? ನಾಳೆ ಕೊಯ್ದು ಹಾಕು. ಆಗಲ್ಲ ಅಂದ್ರೆ ಹೇಳು, ನೆಲದೋರಲ್ಲೇ ಯಾರಾದ್ರೂ ಗರಗಸ ಹಿಡೀತಾರೆ."

"ಬೇಡ. ಅವರೇ ಮಾಡಲಿ" ಎಂದರು ಮೇಡಂ. "ಎರಡು ದಿನ ತಗೊಳ್ಳಿ."

ಆ ಮಧ್ಯಾಹ್ನವೇ ಅವನು ಮನೆಗೆ ಬಂದು ಕಿಟಕಿಯ ಹತ್ತಿರ ಕೂತ. ಓರಗಿತ್ತಿ ನೀರು ತಂದಿಟ್ಟಳು, ಮುಟ್ಟಲಿಲ್ಲ.

"ಹನ್ನೆರಡು ವರ್ಷ ಆದ್ಮೇಲೆ ಕರೆದ್ರಲ್ಲ, ನಮ್ಮ ಕೆಲಸ ಮತ್ತೆ ಬೇಕಾಯ್ತಲ್ಲ ಅಂತ ಕುಣ್ಕೊಂಡು ಹೋದೆ ಅತ್ತಿಗೆ. ಅವರು ಕರೆದಿದ್ದು ನಗೋಕೆ."

"ಆಯಮ್ಮ ನಗಲಿಲ್ಲಪ್ಪ" ಎಂದೆ.

"ಇವತ್ತು ನಗದಿದ್ರೇನು? ನಾಳೆ ಊರಿನವರೆಲ್ಲ ಅಲ್ಲಿಗೆ ಬರ್ತಾರೆ. ತಲೆ ಎತ್ತಿ ನೋಡ್ತಾರೆ. ಮೇಡಂ ಬುದ್ಧಿವಂತರು ಅಂತಾರಾ? ಮೇಡಂ ಯಾರು ಅಂತಾನೇ ಅವರಿಗೆ ಗೊತ್ತಿರಲ್ಲ. ಗಾರೆಯವನು ಯಾರು ಅಂತ ಎಲ್ಲಾರಿಗೂ ಗೊತ್ತು. ‘ರಸಮಟ್ಟನಿಗೆ ವಯಸ್ಸಾಯ್ತು, ಅಳತೆ ತಪ್ಪಿದೆ’ ಅಂತಾರೆ. ಇದೇ ನನ್ನ ಕೊನೇ ಕೆಲಸ. ಅದೇ ಹೆಸರು ಉಳಿಯೋದು." ಗೋಡೆಯ ಕಡೆ ಮುಖ ತಿರುಗಿಸಿದ. "ನಾನು ಹೋಗಲ್ಲ. ನೆಲದೋರೇ ಕೊಯ್ಲಿ."

ಓರಗಿತ್ತಿ ಆಗ ಏನೂ ಅನ್ನಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದಾಳೆಂದರೆ ಒಳಗೆ ಮಾತು ಸಾಣೆಗೆ ಬಿದ್ದಿದೆ ಎಂದೇ ಲೆಕ್ಕ. ಮಾರನೆಯ ಬೆಳಿಗ್ಗೆ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದಾಗ, ತಲೆ ಎತ್ತದೆ ಕೇಳಿದಳು.

"ಅದು ಏನನ್ನ ಹೊತ್ತಿತ್ತು?"

"ಯಾವುದು?"

"ಆ ಆರನೇ ಕಂಬ. ಮುಟ್ಟಿತ್ತಲ್ಲ, ಆಗ ಏನನ್ನ ಹೊತ್ತಿತ್ತು?"

"ಏನೂ ಇಲ್ಲ. ಮೇಲೆ ತೊಲೆ ಇದೆ."

"ಉಳಿದ ಐದು?"

"ಅವೂ ಇಲ್ಲ."

"ಮುಂಚೆ ಕಟ್ಟಿದ್ರಲ್ಲ, ಆ ನಾಟಕದ ಮನೇದು? ಬ್ಯಾಂಕಿಂದು?"

ಅವಳು ಒಂದು ಅಂಗಿಯನ್ನು ಕೊಡವಿ ನನ್ನ ಕಡೆ ತಿರುಗಿದಳು.

"ನೋಡಿ ಅಕ್ಕ. ಒಳಗೆ ಗಾಳಿ ತುಂಬಿರೋ ಕಂಬಕ್ಕೆ, ಪಾಪ ಎಷ್ಟು ಹೊತ್ತಿದೆಯೋ ಅನ್ನೋ ಹಾಗೆ ಹೊಟ್ಟೆ ಕಟ್ಟಿ ಮೂವತ್ತು ವರ್ಷ ನಿಲ್ಲಿಸಿದೋರು ಇವರು. ಅದರಲ್ಲಿ ಒಂದು, ಒಂದೇ ಒಂದು, ‘ನಾನು ಏನೂ ಹೊತ್ತಿಲ್ಲಪ್ಪಾ’ ಅಂತ ಬಾಯಿ ಬಿಡುತ್ತೆ ಅಂದಿದ್ದಕ್ಕೆ ಎಷ್ಟು ಸಿಟ್ಟು!"

"ನಿನಗೇನೇ ಗೊತ್ತು ಕಸುಬಿನ ವಿಷಯ?"

"ನನಗೇನು ಗೊತ್ತು. ನಾನು ಕಂಬ ಕಟ್ಟಿದವಳಾ? ಕಟ್ಟಿದವರನ್ನ ಕಟ್ಕೊಂಡವಳು."

ಅವನು ದಡಕ್ಕನೆ ಎದ್ದು ಮೆಟ್ಟಿಲಿಳಿದು ಹೋದ. ಸಿಟ್ಟಿಗೆ ಹೋದನೆಂದುಕೊಂಡು ನಾನೂ ಬಕೆಟ್ಟು ಹಿಡಿದು ಹಿಂದೆಯೇ ಹೊರಟೆ. ಎದುರಿಗೆ ಸಿಕ್ಕಿದ ಅಂಗಡಿಗಳ ಕಂಬಗಳನ್ನೆಲ್ಲ ನಿಂತು ನಿಂತು ನೋಡುತ್ತ ನಡೆಯುತ್ತಿದ್ದ. ಒಂದೆರಡರ ಮುಂದೆ ತಲೆ ಆಡಿಸಿದ. ಅವನೇ ಕಟ್ಟಿದವಿರಬೇಕು.

ಮೇಡಂ ಹಜಾರದಲ್ಲಿ ಒಬ್ಬರೇ ಇದ್ದರು. ಕೆಲಸದವರು ತಿಂಡಿಗೆ ಹೋಗಿದ್ದರು. ಬೋರಲು ಹಾಕಿದ ಡಬ್ಬವೊಂದರ ಮೇಲೆ ಕೂತು ಆರನೆಯ ಕಂಬವನ್ನೇ ನೋಡುತ್ತಿದ್ದರು. ಇವನು ಇನ್ನೊಂದು ಡಬ್ಬ ಎಳೆದುಕೊಂಡು ಎದುರಿಗೆ ಕೂತ. ನಾನು ಮೂಲೆಯಲ್ಲಿ ಅಚ್ಚು ತೊಳೆಯುತ್ತಿದ್ದೆ.

"ವ್ಯಂಗ್ಯ ಅಂದ್ರಲ್ಲ ಮೇಡಂ. ಅಂದ್ರೆ ಹಂಗಿಸೋದಾ?"

"ಅಲ್ಲ. ಹಂಗಿಸೋದ್ರಲ್ಲಿ ನಾವು ಹೊರಗಿರ್ತೀವಿ, ಬೇರೆಯವರು ಸಿಕ್ಕಿಹಾಕೊಂಡಿರ್ತಾರೆ. ಇದರಲ್ಲಿ ನಾವೂ ಒಳಗಿರ್ತೀವಿ." ಸ್ವಲ್ಪ ಯೋಚಿಸಿದರು. "ನೀವು ನಿನ್ನೆ ಕೇಳಿದ್ರಿ, ಯಾರ ಮೇಲೆ ಅಂತ. ರಾತ್ರಿಯೆಲ್ಲ ಅದೇ ಕೊರೀತಾ ಇತ್ತು. ಬರೆಯುವಾಗ ಸಮಿತಿಯವರ ಮೇಲೆ ಅಂದ್ಕೊಂಡಿದ್ದೆ. ಗ್ರಂಥಾಲಯ ಅಂದ್ರೆ ಅರಮನೆ ಥರ ಕಂಬ ಬೇಕೇ ಬೇಕು ಅಂತ ಹಟ ಹಿಡಿದ್ರು. ತೊಲೆ ಇದೆ, ಕಂಬ ಬೇಕಿಲ್ಲ ಅಂದ್ರೆ ಕೇಳಲಿಲ್ಲ."

"ಬೇಡ ಅಂತ ಬಿಟ್ಟುಬಿಡಬೇಕಿತ್ತು."

"ನಾನು ಓದುವಾಗ ನಮ್ಮ ಮೇಷ್ಟ್ರುಗಳು ಹಾಗೇ ಅಂತಿದ್ರು. ಅಲಂಕಾರ ಬೇಡ, ಚೌಕ ಡಬ್ಬಿ ಸಾಕು."

"ಆ ಮೇಷ್ಟ್ರುಗಳು ಗೊತ್ತು ನನಗೆ" ಎಂದ ರಸಮಟ್ಟ. "ಹನ್ನೆರಡು ವರ್ಷ ಅವರು ನನ್ನ ಕೈಲಿ ಬಾತ್ರೂಮು ಸವರಿಸಿದ್ರು."

ಮೇಡಂ ಅವನ ಮುಖ ನೋಡಿದರು. ಆ ವಿಷಯ ಅವರಿಗೆ ಹೊಳೆದಿರಲಿಲ್ಲವೆಂದು ಕಾಣುತ್ತದೆ.

"ಜನಕ್ಕೆ ಡಬ್ಬಿ ಇಷ್ಟ ಆಗಲಿಲ್ಲ" ಎಂದರು ನಿಧಾನವಾಗಿ. "ಕಂಬ ಬೇಕು ಅಂತ ಆಸೆ. ನನಗೂ ಆಸೆಯೇ, ಸುಳ್ಳು ಯಾಕೆ ಹೇಳಲಿ? ಆ ಆಸೆ ನಿಜ. ಆದ್ರೆ ಕಂಬ ಸುಳ್ಳು. ರಾಜರ ಕಾಲದವರ ಹಾಗೆ ಮುಗ್ಧವಾಗಿ ಕಟ್ಟೋಕೆ ಆಗಲ್ಲ, ನಮಗೆ ಗೊತ್ತಿದೆಯಲ್ಲ ಒಳಗೆ ಏನೂ ಇಲ್ಲ ಅಂತ. ಕಟ್ಟದೇ ಇರೋಕೂ ಆಗಲ್ಲ. ಅದಕ್ಕೆ ಐದರಲ್ಲಿ ಆಸೆ ಇರಲಿ, ಒಂದರಲ್ಲಿ ನಿಜ ಇರಲಿ ಅಂದ್ಕೊಂಡೆ. ಎರಡನ್ನೂ ಒಟ್ಟಿಗೆ ಹೇಳೋದು ನನಗೆ ಬೇರೆ ಥರ ಗೊತ್ತಾಗಲಿಲ್ಲ."

"ಸಮಿತಿಯವರಿಗೆ ಇದು ಗೊತ್ತಾ?"

"ನಕ್ಷೆಗೆ ಸಹಿ ಹಾಕಿದ್ದಾರೆ. ನೋಡಿದ್ದಾರೋ ಇಲ್ವೋ ಗೊತ್ತಿಲ್ಲ."

ರಸಮಟ್ಟನಿಗೆ ನಗು ಬಂತು. ಮನೆಯೊಳಗೆ ಮಾತ್ರ ನಗುತ್ತಿದ್ದ ನಗು ಅದು. ಅದನ್ನು ಹೊರಗೆ, ಓದಿದವರ ಮುಂದೆ ನಾನು ಕೇಳಿದ್ದು ಅದೇ ಮೊದಲು. ನಕ್ಕು ಮುಗಿಸಿ ಅವನು ಕಂಬದ ಕಡೆ ನೋಡಿದ, ಹಾಳೆಯ ಕಡೆ ನೋಡಿದ. ಆಮೇಲೆ, ಅವನ ಅಣ್ಣ ಇದ್ದಿದ್ದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರೇನೋ, ಅಂಥ ಮಾತು ಆಡಿದ.

"ಹಾಗಾದ್ರೆ ನಿಮ್ಮ ನಕ್ಷೆ ತಪ್ಪಿದೆ ಮೇಡಂ."

ನನ್ನ ಕೈಯಲ್ಲಿದ್ದ ಅಚ್ಚು ಬಕೆಟ್ಟಿನೊಳಗೆ ಜಾರಿತು. ಮೇಡಂ ಜೇಬಿನಿಂದ ಪೆನ್ಸಿಲು ತೆಗೆದರು. "ಹೇಳಿ."

"ನೀವು ಬರೆದಿರೋ ಹಾಗೆ ಬೋಳಾಗಿ ಕೊಯ್ದು ಬಿಟ್ರೆ ಗಾರೆ ಸಾಲಲಿಲ್ಲ ಅಂತ ಕಾಣುತ್ತೆ. ತಪ್ಪು ಮಾಡಿದವನ ಕೆಲಸ ನೋಡಿದ್ರೇ ಗೊತ್ತಾಗುತ್ತೆ, ಎಲ್ಲೋ ಒಂದು ಕಡೆ ಕೈ ಹೆದರಿರುತ್ತೆ. ಇದರಲ್ಲಿ ಕೈ ಹೆದರಿರಬಾರದು. ತಲೆ ಇರಬೇಕು. ಎಲೆಗಳೆಲ್ಲ ಇರಬೇಕು, ಉಳಿದವಕ್ಕಿಂತ ಚೆನ್ನಾಗಿರಬೇಕು. ತಲೆಯ ಮೇಲೆ ಮುಚ್ಚೋ ಗಾರೆ ಹಲಗೆ ಕನ್ನಡಿ ಹಾಗೆ ನಯ ಇರಬೇಕು."

"ಅದು ಯಾರಿಗೂ ಕಾಣಲ್ವಲ್ಲ, ಅಷ್ಟು ಮೇಲೆ?"

"ದೀಪ ಬದಲಾಯಿಸೋನಿಗೆ ಕಾಣುತ್ತೆ. ಅವನು ಇಳಿದು ಬಂದು ಹೇಳ್ತಾನೆ. ಇನ್ನೊಂದು. ಸೂರಿನಲ್ಲಿ ಐದು ಕಂಬ ಸೇರೋ ಕಡೆ ಉಂಗುರ ಮಾಡಿದೀವಲ್ಲ, ಆರನೇದರ ನೆತ್ತಿ ಮೇಲೂ ಆ ಉಂಗುರ ಹಾಗೇ ಇರಬೇಕು."

"ಕಂಬ ಮುಟ್ಟದೇ ಇರೋ ಕಡೆ ಉಂಗುರ ಯಾಕೆ?"

"ಸೂರು ಕಾಯ್ತಾ ಇರೋದು ಕಾಣಬೇಕಲ್ಲ ಮೇಡಂ! ಬರಬೇಕಾಗಿತ್ತು, ಬಂದಿಲ್ಲ, ಕಂಬಕ್ಕೆ ಅದರ ಚಿಂತೆಯೂ ಇಲ್ಲ. ಉಂಗುರ ಇಲ್ದಿದ್ರೆ ಮರೆತುಬಿಟ್ಟಿದ್ದಾರೆ ಅಂತಾರೆ. ಇದ್ರೆ ಬೇಕಂತಲೇ ಅಂತ ಗೊತ್ತಾಗುತ್ತೆ."

ಮೇಡಂ ಬರೆಯುವುದನ್ನು ನಿಲ್ಲಿಸಿ ಸೂರನ್ನೇ ನೋಡುತ್ತ ಕೂತರು. ಆಮೇಲೆ ಇಬ್ಬರಿಗೂ ವಾದ ಶುರುವಾಯಿತು. ಅವರಿಗೆ ಸಂದು ಒಂದೂವರೆ ಗೇಣು ಬೇಕು. ಇವನು ಒಂದೇ ಗೇಣು ಎಂದ. ನಾಲ್ಕು ಬೆರಳಾದರೆ ಅನುಮಾನ, ಒಂದೂವರೆಯಾದರೆ ಅಜ್ಜನ ಪಂಚೆ ಮೊಣಕಾಲಿಗೆ ಬಂದ ಹಾಗೆ. ಒಂದು ಗೇಣಾಯಿತು. ಕಂಬದ ಮೈಗೆ ಒಂದು ಬಿರುಕು ಬಿಡಿಸಿದರೆ ಹೇಗೆ ಎಂದರು ಅವರು. "ಬೇಡ, ಅದು ನಾಟಕ ಜಾಸ್ತಿ ಆಯ್ತು" ಎಂದ ಇವನು. ಅದನ್ನೂ ಬಿಟ್ಟರು. ಕೊನೆಗೆ ಇವನು ಸ್ವಲ್ಪ ಅಳುಕುತ್ತ, ಈ ಕಂಬದ ಮುಂದೆ ಪುಸ್ತಕದ ಕಪಾಟೊಂದು ಬಂದರೆ ಚೆನ್ನಾಗಿರುತ್ತದೆ ಎಂದ. ಅದಕ್ಕೆ ಮಾತ್ರ ಅವರು ಜಗ್ಗಲಿಲ್ಲ.

"ಬಾಗಿಲಿಂದ ಬಂದವರಿಗೆ ಕಾಣಲೇಬೇಕು. ಮುಚ್ಚಿಡೋಕೆ ಮಾಡ್ತಾ ಇರೋದಲ್ಲ."

ಅವನು ಒಪ್ಪಿಕೊಂಡ. ಆದರೆ ಹೆದರಿಕೆ ಹೋಗಿರಲಿಲ್ಲ, ಅವನ ಕತ್ತಿನ ನರ ನೋಡಿದರೆ ನನಗೆ ತಿಳಿಯುತ್ತಿತ್ತು.

ಗರಗಸವನ್ನು ತಾನೇ ಹಿಡಿದ. ತಲೆಯ ಕೆಳಗೆ ಸುತ್ತಲೂ ದಾರ ಕಟ್ಟಿ ಗುರುತು ಮಾಡಿ, ಎಲೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ, ನಾಲ್ವರು ಹಗ್ಗ ಹಿಡಿದಿರುವಾಗ ಕೊಯ್ದ. ತಲೆ ಇಳಿದ ಮೇಲೆ ಕಂಬದೊಳಗಿನ ಕತ್ತಲು ಕಾಣಿಸಿತು, ಸರಳು, ಜಾಲರಿ. ನೆಲದವರು ಬಗ್ಗಿ ನೋಡಿದರು. ಇಷ್ಟು ದಿನ ಪಕ್ಕದಲ್ಲೇ ಕೆಲಸ ಮಾಡಿದ್ದರೂ ಅವರಲ್ಲಿ ಇಬ್ಬರಿಗೆ ಅದು ಟೊಳ್ಳೆಂದು ಗೊತ್ತಿರಲಿಲ್ಲ. ಗೇಣುದ್ದ ಕೊಯ್ದು ತೆಗೆದು, ತಲೆಯನ್ನು ಮತ್ತೆ ಕೂರಿಸಿ, ಕೊಯ್ದ ಜಾಗಕ್ಕೆ ಗಾರೆ ಮೆತ್ತಲು ಎರಡು ದಿನ. ನೆತ್ತಿಯ ಹಲಗೆ ನಯ ಮಾಡಲು ಇನ್ನೊಂದು ದಿನ. ತಲೆ ಇಳಿಸುವಾಗ ಹರಿದ ಸೂರಿನ ಉಂಗುರವನ್ನು ಮಲಗಿಕೊಂಡೇ ತಿದ್ದಿದ, ಗಾರೆ ಕಣ್ಣಿಗೆ ಬೀಳುತ್ತಿತ್ತು. ಮುಗಿದ ಮೇಲೆ ಕೆಳಗೆ ಬಂದು ನಿಂತು ನೋಡಿದ. ನಾನೂ ನೋಡಿದೆ. ಐದು ಕಂಬಗಳು ಹೊತ್ತು ನಿಂತಿವೆ. ಆರನೆಯದು ಅಷ್ಟೇ ಗಂಭೀರವಾಗಿ, ಅಷ್ಟೇ ಹೊಟ್ಟೆ ಬಿಗಿದು, ಗಾಳಿಯನ್ನು ಹೊತ್ತು ನಿಂತಿದೆ. ಸಂದಿನಲ್ಲಿ ಹಿಂದಿನ ಕಿಟಕಿಯ ಬೆಳಕು ಒಂದು ಗೆರೆಯಾಗಿ ಕಾಣುತ್ತಿತ್ತು.

ಗ್ರಂಥಾಲಯ ತೆರೆದ ದಿನದಿಂದ ಅವನು ದಿನವೂ ಮಧ್ಯಾಹ್ನ ಒಗೆದ ಅಂಗಿ ಹಾಕಿಕೊಂಡು ಹೋಗಿ, ಆರನೆಯ ಕಂಬದ ಪಕ್ಕದ ಬೆಂಚಿನಲ್ಲಿ ಪತ್ರಿಕೆ ಹಿಡಿದು ಕೂರತೊಡಗಿದ. ಒಬ್ಬನೇ ಹೋಗಲು ಸಂಕೋಚವೆಂದು ನನ್ನನ್ನೂ ಕರೆದ. ನಾನು ಚಿತ್ರವಿದ್ದ ಪುಸ್ತಕ ತೆಗೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ಅವನು ಪತ್ರಿಕೆಯ ಒಂದು ಹಾಳೆಯನ್ನೂ ತಿರುಗಿಸುತ್ತಿರಲಿಲ್ಲ. ಕಿವಿಯೆಲ್ಲ ಜನರ ಬಾಯಿಯ ಮೇಲೆ.

ಮೊದಲ ದಿನ ಒಬ್ಬಾಕೆ ಗ್ರಂಥಪಾಲಕನ ಹತ್ತಿರ ಹೋಗಿ, "ಇನ್ನೂ ಕೆಲಸ ಮುಗಿದಿಲ್ವಾ?" ಎಂದು ಕೇಳಿದಳು. ಎರಡನೆಯ ದಿನ ಒಬ್ಬ ತಲೆ ಎತ್ತಿ ನೋಡಿದವನೇ ಸೂರು ಬಿದ್ದೀತೆಂದು ಪುಸ್ತಕ ಎತ್ತಿಕೊಂಡು ದೂರದ ಮೇಜಿಗೆ ಓಡಿದ. ಬಹಳ ಜನ ನೋಡಲೇ ಇಲ್ಲ. ಮೂರನೆಯ ದಿನ ನಿವೃತ್ತ ಗುಮಾಸ್ತರೊಬ್ಬರು, ದಿನವೂ ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಇರುತ್ತಿದ್ದವರು, ಪಕ್ಕದವರಿಗೆ ಹೇಳಿದರು: "ಅಳತೆ ತಪ್ಪಿದ್ದಾನೆ ಕಣ್ರೀ, ಗಾರೆಯವನು. ಈಗ ಎಂಥೆಂಥವರೋ ಕೆಲಸಕ್ಕೆ ಬರ್ತಾರೆ."

ರಸಮಟ್ಟನ ಕಿವಿ ಕೆಂಪಾಯಿತು. ಅವರ ಮುಂದೆ ಹೋಗಿ ಹೇಳಿಬಿಡು ಎಂದು ನಾನು ಪಿಸುಗುಟ್ಟಿದೆ. "ಹೇಳಿ ಅರ್ಥ ಮಾಡಿಸಬೇಕಾದ್ರೆ ನಾನು ಸೋತೆ ಅಂತಲೇ ಅತ್ತಿಗೆ" ಎಂದ. ಮನೆಗೆ ಬಂದು, ನಾಳೆಯಿಂದ ಹೋಗುವುದಿಲ್ಲವೆಂದ. ಓರಗಿತ್ತಿ, "ಹಾಗಾದ್ರೆ ಆ ಅಂಗಿಗೆ ಇಸ್ತ್ರಿ ಹಾಕಲ್ಲ ನಾನು" ಎಂದಳು. ನಾಲ್ಕನೆಯ ದಿನ ಸುಕ್ಕು ಅಂಗಿಯಲ್ಲೇ ಹೋದ.

ಐದನೆಯ ದಿನ ಅಂಚೆಯವಳು ಬಂದಳು. ಹೆಗಲಿಗೆ ಚೀಲ, ಬಿಸಿಲಿಗೆ ಕೆಂಪಾದ ಮುಖ. ಗ್ರಂಥಪಾಲಕನ ಮೇಜಿನ ಮೇಲೆ ಕಾಗದದ ಕಟ್ಟು ಹಾಕಿ ಹೊರಟವಳು, ಚೀಲದ ಪಟ್ಟಿ ಸರಿಮಾಡಿಕೊಳ್ಳಲೆಂದು ನಿಂತು ಮೇಲೆ ನೋಡಿದಳು. ಮೊದಲು ಅವಳ ಕಣ್ಣು ಸೂರಿನ ಉಂಗುರಕ್ಕೆ ಹೋಯಿತು. ಅಲ್ಲಿಂದ ಕೆಳಗಿನ ಎಲೆಗಳಿಗೆ ಇಳಿಯಿತು. ಮತ್ತೆ ಉಂಗುರಕ್ಕೆ ಹತ್ತಿತು. ತುಟಿಯ ಒಂದು ಕೊನೆ ಮೆಲ್ಲಗೆ ಮೇಲೆದ್ದಿತು. ಆಮೇಲೆ ಅವಳು ಆ ನಿಶ್ಶಬ್ದದ ಕೋಣೆಯಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟಳು.

"ಶ್!" ಎಂದ ಗ್ರಂಥಪಾಲಕ.

ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನಗು ಇನ್ನೂ ಕಣ್ಣಲ್ಲಿತ್ತು. ಹಾಗೇ ನಗುತ್ತ ಉಳಿದ ಕಂಬಗಳ ಕಡೆ ತಿರುಗಿದಳು. ಒಂದನ್ನು ನೋಡಿದಳು, ಮುಂದಿನದನ್ನು ನೋಡಿದಳು. ಐದನೆಯದಕ್ಕೆ ಬರುವಷ್ಟರಲ್ಲಿ ನಗು ನಿಂತು ಹುಬ್ಬು ಕೂಡಿತ್ತು. ಹತ್ತಿರದಲ್ಲಿ ಕೂತಿದ್ದವನು ರಸಮಟ್ಟ, ಅವನನ್ನೇ ಕೇಳಿದಳು.

"ಹಾಗಾದ್ರೆ ಇವು?"

ರಸಮಟ್ಟ ಪತ್ರಿಕೆ ಮಡಿಸಿ ಬೆಂಚಿನ ಮೇಲಿಟ್ಟ.

"ಅವೂ ಹೊತ್ತಿಲ್ಲಮ್ಮ. ಬಾಯಿ ಬಿಡಲ್ಲ, ಅಷ್ಟೇ."

"ಅಯ್ಯೋ ದೇವರೇ! ನಿಮಗೆ ಹೇಗೆ ಗೊತ್ತು?"

"ಕಟ್ಟಿದ್ದು ನಾನೇ" ಎಂದ. ಗುಮಾಸ್ತರ ಪತ್ರಿಕೆ ಕೆಳಗಿಳಿದು ಅದರ ಹಿಂದಿನಿಂದ ಕನ್ನಡಕದ ಎರಡು ಗಾಜು ಮೇಲೆದ್ದವು. ರಸಮಟ್ಟ ಅವರ ಕಡೆಗೂ ಒಮ್ಮೆ ನೋಡಿ, ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿದ. "ಆರನ್ನೂ ನಾನೇ ಕಟ್ಟಿದ್ದು."

"ಶ್!" ಎಂದ ಗ್ರಂಥಪಾಲಕ ಮತ್ತೆ.

"ಬನ್ನಿ, ಕೊಯ್ದ ಜಾಗ ತೋರಿಸ್ತೀನಿ" ಎಂದು ರಸಮಟ್ಟ ಎದ್ದು ನಿಂತ. ಅಂಚೆಯವಳು ಚೀಲವನ್ನು ನನ್ನ ಪಕ್ಕದಲ್ಲಿಟ್ಟು ಅವನ ಹಿಂದೆ ಹೋದಳು. ಗುಮಾಸ್ತರು ಅರೆಕ್ಷಣ ಹಾಗೇ ಕೂತಿದ್ದು, ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ ಅವರೂ ಎದ್ದರು.